ಜನತೆಯ ವಕೀಲ

ವಕಾಲತ್ತು ವಹಿಸುವುದೆಂದರೆ ಇನ್ನೊಬ್ಬರ ಮಾತಿಗೆ ನಾಲಗೆಯಾಗುವುದು. ದಾಯಾದಿಯ ಮೇಲೆ ಗೋಡೆಯ ವ್ಯಾಜ್ಯ ಹೂಡಿದವನೊಬ್ಬನು ವಕೀಲನ ಕೊಠಡಿಗೆ ಬಂದು ಎದುರಿನ ಬೆಂಚಿನ ಮೇಲೆ ಕುಳಿತಾಗ, ಅವನಿಗೆ ಬೇಕಾದುದೇನು, ಬೇಡವಾದುದೇನು ಎಂಬುದನ್ನು ಅವನ ಬಾಯಿಂದಲೇ ಕೇಳಿ ತಿಳಿಯಬಹುದು. ರಾಜಿಗೆ ಒಪ್ಪುವನೋ ಇಲ್ಲವೋ ಎಂಬುದನ್ನೂ ಅವನೇ ಹೇಳುತ್ತಾನೆ. ನಮ್ಮ ಬುದ್ಧಿವಾದ ಹಿಡಿಸದಿದ್ದರೆ ಕಾಗದಪತ್ರಗಳ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಎದುರು ಬೀದಿಯ ವಕೀಲರಲ್ಲಿಗೆ ಹೋಗುವ ಸ್ವಾತಂತ್ರ್ಯವೂ ಅವನಿಗುಂಟು. ಆದರೆ ಕಕ್ಷಿಗಾರನು ಒಬ್ಬನಲ್ಲದೆ ಕೋಟ್ಯಂತರ ಮಂದಿಯಾಗಿದ್ದರೆ ಗತಿಯೇನು? ಅವರಲ್ಲಿ ಅರ್ಧ ಮಂದಿ ಒಂದನ್ನೂ, ಉಳಿದ ಅರ್ಧ ಮಂದಿ ಅದಕ್ಕೆ ನೇರ ವಿರುದ್ಧವಾದುದನ್ನೂ ಕೇಳಿದರೆ ವಕೀಲನು ಯಾರ ನಾಲಗೆಯಾಗಬೇಕು? ಸರ್ಕಾರದ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವವರನ್ನೆಲ್ಲ ಈ ಪ್ರಶ್ನೆಯು ಎಂದಾದರೊಂದು ದಿನ ಅಡ್ಡಗಟ್ಟದೆ ಇರುವುದಿಲ್ಲ.

ನಾನು ಬಹುಕಾಲ ಒಂದು ಜಿಲ್ಲಾ ಕೇಂದ್ರದಲ್ಲಿ ವಕೀಲಿ ನಡೆಸಿ, ನಡುವೆ ಕೆಲವು ವರ್ಷ ಸರ್ಕಾರಿ ವಕೀಲನಾಗಿಯೂ ಇದ್ದವನು. ಈ ಪ್ರಶ್ನೆಗೆ ದೂರದೇಶದ ಜನರು ಕಂಡುಕೊಂಡಿರುವ ಉತ್ತರವೊಂದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ 2010ನೆಯ ಇಸವಿಯಲ್ಲಿ ದೊರೆಯಿತು. ಆ ವರ್ಷ ಶರತ್ಕಾಲದಲ್ಲಿ ನಾನು ಅಮೆರಿಕಾದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಮಗಳ ಮನೆಯಲ್ಲಿದ್ದೆನು. ಅಲ್ಲಿ ನವೆಂಬರ್ 2ನೆಯ ತಾರೀಖು ಚುನಾವಣೆ. ಗವರ್ನರನನ್ನು ಆರಿಸುವಂತೆಯೇ ಅಲ್ಲಿಯ ಜನರು ತಮ್ಮ ಸಂಸ್ಥಾನದ ಮುಖ್ಯ ವಕೀಲನನ್ನೂ, ಎಂದರೆ ಅಟಾರ್ನಿ ಜನರಲನನ್ನೂ, ಮತ ಹಾಕಿ ಆರಿಸುತ್ತಾರೆ. ವಕೀಲನನ್ನು ಓಟಿನಿಂದ ಆರಿಸುವುದೆಂದು ಕೇಳಿದಾಗ ನನಗೆ ವೈದ್ಯನನ್ನು ಜಾತ್ರೆಯಲ್ಲಿ ಹರಾಜು ಕೂಗಿದಂತೆ ತೋರಿತು. ನೋಡುತ್ತ ಹೋದಂತೆ ವಿಷಯವು ಅಷ್ಟು ಸುಲಭವಾದುದಲ್ಲವೆಂದು ತಿಳಿದುಬಂದಿತು.

ನಮ್ಮಲ್ಲಿಯ ಏರ್ಪಾಡನ್ನು ಮೊದಲು ಹೇಳಿಬಿಡುವುದು ಮೇಲು. ನಮ್ಮ ಸಂವಿಧಾನದ 165ನೆಯ ಅನುಚ್ಛೇದದ ಪ್ರಕಾರ ಪ್ರತಿಯೊಂದು ರಾಜ್ಯಕ್ಕೂ ಒಬ್ಬ ಅಡ್ವೊಕೇಟ್ ಜನರಲ್ ಇರತಕ್ಕದ್ದು. ಉಚ್ಚ ನ್ಯಾಯಾಲಯದ ನ್ಯಾಯಾಧೀಶನಾಗಲು ಅರ್ಹತೆಯುಳ್ಳವನನ್ನು ರಾಜ್ಯಪಾಲರು ನೇಮಿಸುತ್ತಾರೆ. ರಾಜ್ಯಪಾಲರ ಇಚ್ಛೆಯಿರುವ ತನಕ ಅವನು ಆ ಹುದ್ದೆಯಲ್ಲಿರುತ್ತಾನೆ. ರಾಜ್ಯಪಾಲರ ಇಚ್ಛೆಯೆಂದರೆ ಮಂತ್ರಿಮಂಡಲದ ಇಚ್ಛೆಯೇ ಎಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಮಂತ್ರಿಮಂಡಲ ಬದಲಾದರೆ ವಕೀಲರೂ ಬದಲಾಗುವುದು ನಮ್ಮಲ್ಲಿ ರೂಢಿ.

ಅಮೆರಿಕಾದವರೂ ಮೊದಲು ಬಹುಮಟ್ಟಿಗೆ ಇಂತಹ ದಾರಿಯಲ್ಲಿಯೇ ಇದ್ದರು. ಇಂಗ್ಲೆಂಡಿನ ದೊರೆಯ ವಕೀಲನನ್ನು ನೋಡಿ ಮಾಡಿಕೊಂಡ ಹುದ್ದೆಯದು. ಗವರ್ನರನೋ ಶಾಸನಸಭೆಯೋ ಅದನ್ನು ತುಂಬುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜನರಿಗೆ ಒಂದು ಸಂಶಯ ಹುಟ್ಟಿತು. ಅಧಿಕಾರದಲ್ಲಿರುವವರೇ ವಕೀಲನನ್ನು ಇಟ್ಟುಕೊಂಡರೆ, ಅಧಿಕಾರದಲ್ಲಿರುವವರು ಕಾನೂನು ಮೀರಿದಾಗ ಹೇಳುವವರಾರು? ನ್ಯೂಯಾರ್ಕಿನವರು 1846ರ ಸಂವಿಧಾನದಲ್ಲಿ ಆ ಹುದ್ದೆಯನ್ನು ಚುನಾವಣೆಗೆ ಬಿಟ್ಟರು. ಇಂದು ಐವತ್ತು ಸಂಸ್ಥಾನಗಳಲ್ಲಿ 43 ಸಂಸ್ಥಾನಗಳ ಅಟಾರ್ನಿ ಜನರಲರು ಜನರ ಓಟಿನಿಂದ ಬಂದವರು. ಐದು ಸಂಸ್ಥಾನಗಳಲ್ಲಿ ಗವರ್ನರನು ನೇಮಿಸುತ್ತಾನೆ. ಮೇಯ್ನ್ ಸಂಸ್ಥಾನದಲ್ಲಿ ಶಾಸನಸಭೆಯು ಆರಿಸುತ್ತದೆ. ಟೆನೆಸ್ಸಿಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆರಿಸುತ್ತದೆ. ಓಟಿನಿಂದ ಬಂದವನನ್ನು ಗವರ್ನರನು ಮನೆಗೆ ಕಳುಹಿಸಲಾರನು. ಇಬ್ಬರೂ ಬೇರೆ ಬೇರೆ ಪಕ್ಷದವರಾಗಿ, ಒಂದೇ ಸರ್ಕಾರದಲ್ಲಿ ಎಣ್ಣೆ ಸೀಗೆಕಾಯಿಗಳಂತೆ ನಾಲ್ಕು ವರ್ಷ ಕಳೆಯುವುದೂ ಅಲ್ಲಿ ಅಪರೂಪವಲ್ಲ.

2010ರಲ್ಲಿ ಕ್ಯಾಲಿಫೋರ್ನಿಯಾದ ಆ ಸ್ಥಾನವು ತೆರವಾಗಿದ್ದಿತು. ಅದರಲ್ಲಿದ್ದ ಜೆರಿ ಬ್ರೌನ್‌ರವರು ಗವರ್ನರ್ ಪದವಿಗೆ ನಿಂತಿದ್ದರು. ಕುರ್ಚಿಯಲ್ಲಿ ಕುಳಿತವನೇ ಮತ್ತೆ ನಿಂತರೆ ಚುನಾವಣೆಯು ಅವನ ಹಿಂದಿನ ಲೆಕ್ಕದ ತಪಾಸಣೆಯಾಗುತ್ತದೆ. ಇದ್ದರೆ ಇರಲಿ, ಬೇಡವಾದರೆ ಹೋಗಲಿ ಎಂದು ಜನರು ತೀರ್ಮಾನಿಸಿಬಿಡಬಹುದು. ಕುರ್ಚಿ ಬರಿದಾಗಿದ್ದಾಗ ಹಾಗಲ್ಲ. ಆ ಹುದ್ದೆಯೆಂದರೇನು, ಅದರಲ್ಲಿ ಕುಳಿತುಕೊಳ್ಳುವವನು ಎಂತಹವನಾಗಿರಬೇಕು ಎಂಬ ಮೂಲಪ್ರಶ್ನೆಯನ್ನೇ ಎದುರಿಸಬೇಕಾಗುತ್ತದೆ. ಅಲ್ಲಿಯ ಚುನಾವಣೆಗಳಲ್ಲಿ ನನಗೆ ಹೆಚ್ಚು ಸ್ವಾರಸ್ಯವಾಗಿ ತೋರಿದುದು ಈ ಕಾರಣದಿಂದಲೇ.

ಚುನಾವಣೆಗೆ ಕೆಲವು ವಾರಗಳ ಮುಂಚೆ ಮನೆಗೆ ಅಂಚೆಯಲ್ಲಿ ಒಂದು ದಪ್ಪ ಪುಸ್ತಕ ಬಂದಿತು. ಗವರ್ನರು, ಖಜಾಂಚಿ, ಲೆಕ್ಕಾಧಿಕಾರಿ, ವಿಮಾ ಕಮಿಷನರು, ಅಟಾರ್ನಿ ಜನರಲ್ ಇಷ್ಟು ಸ್ಥಾನಗಳಲ್ಲದೆ, ಒಂಬತ್ತು ಶಾಸನ ಪ್ರಸ್ತಾಪಗಳಿಗೂ ಮತದಾರರು ಹೌದು ಅಲ್ಲವೆಂದು ಗುರುತು ಹಾಕಬೇಕಾಗಿದ್ದಿತು. ನನ್ನ ಮಗಳು ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಪರೀಕ್ಷೆಗೆ ಓದುವವಳಂತೆ ಓದುತ್ತಿದ್ದಳು.

“ವಕೀಲನ ಯೋಗ್ಯತೆಯನ್ನು ಇಷ್ಟು ಜನರು ಹೇಗಮ್ಮ ಅಳೆಯುವುದು?” ಎಂದೆನು.

“ಅಪ್ಪಾ, ಕಕ್ಷಿಗಾರನೇ ತನ್ನ ವಕೀಲನನ್ನು ಆರಿಸಿಕೊಳ್ಳುವುದರಲ್ಲಿ ತಪ್ಪೇನು? ನಿಮ್ಮ ಹತ್ತಿರ ಬರುತ್ತಿದ್ದವರು ನಿಮ್ಮ ಕಾನೂನಿನ ಜ್ಞಾನವನ್ನು ಅಳೆದು ಬರುತ್ತಿದ್ದರೆ? ಇವರು ನಂಬಿಕೆಯವರು ಎಂದುಕೊಂಡು ಬರುತ್ತಿದ್ದರು, ಅಷ್ಟೆ.”

ಈ ಮಾತಿಗೆ ನನ್ನಲ್ಲಿ ಕೂಡಲೇ ಉತ್ತರವಿರಲಿಲ್ಲ.

ನಿಂತವರು ಆರು ಮಂದಿಯಾದರೂ ಹೋರಾಟವಿದ್ದುದು ಇಬ್ಬರ ನಡುವೆ. ಒಬ್ಬರು ಲಾಸ್ ಏಂಜಲೀಸ್ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿಯಾಗಿದ್ದ ಸ್ಟೀವ್ ಕೂಲಿಯವರು, ರಿಪಬ್ಲಿಕನ್ ಪಕ್ಷದವರು. ಇನ್ನೊಬ್ಬರು ಸ್ಯಾನ್ ಫ್ರಾನ್ಸಿಸ್ಕೋದ ಡಿಸ್ಟ್ರಿಕ್ಟ್ ಅಟಾರ್ನಿಯಾಗಿದ್ದ ಕಮಲಾ ಹ್ಯಾರಿಸ್‌ರವರು, ಡೆಮೊಕ್ರಾಟಿಕ್ ಪಕ್ಷದವರು. ಇವರ ತಾಯಿ ಶ್ಯಾಮಲಾ ಗೋಪಾಲನ್‌ರವರು ಮದರಾಸಿನಲ್ಲಿ ಹುಟ್ಟಿದ ವಿಜ್ಞಾನಿ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹುದು. ಅಲ್ಲಿಯ ಮುಖ್ಯ ಪ್ರಾಸಿಕ್ಯೂಟರನೇ ಡಿಸ್ಟ್ರಿಕ್ಟ್ ಅಟಾರ್ನಿ, ಅವನೂ ಚುನಾಯಿತನೇ. ಇಬ್ಬರೂ ಕಸುಬು ಬಲ್ಲವರು. ಮೂರನೆಯ ಅಪರಾಧಕ್ಕೆ ಜೀವಾವಧಿಯವರೆಗೂ ಎಳೆಯಬಲ್ಲ ಅಲ್ಲಿಯ ಕಠಿಣ ಕಾನೂನನ್ನು ಸಣ್ಣಪುಟ್ಟ ತಪ್ಪುಗಳಿಗೆ ಬಳಸಬಾರದೆಂದು ತಮ್ಮ ಕಚೇರಿಯಲ್ಲಿ ಕಟ್ಟುಪಾಡು ಮಾಡಿದ್ದವರು ಕೂಲಿಯವರು. ಆದುದರಿಂದ ಒಬ್ಬರು ಕ್ರೂರಿ, ಇನ್ನೊಬ್ಬರು ಕರುಣಾಳು ಎಂದು ಹಣೆಪಟ್ಟಿ ಹಚ್ಚುವಂತಿರಲಿಲ್ಲ.

ಹ್ಯಾರಿಸ್‌ರವರನ್ನು ಹಿಂದಿನ ಒಂದು ಘಟನೆಯು ನೆರಳಿನಂತೆ ಹಿಂಬಾಲಿಸುತ್ತಿದ್ದಿತು. ಮರಣದಂಡನೆಯನ್ನು ಕೋರುವುದಿಲ್ಲವೆಂದು ಮಾತುಕೊಟ್ಟು ಅವರು 2003ರಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿಯಾಗಿ ಆರಿಸಿಬಂದಿದ್ದರು. ಅಧಿಕಾರ ವಹಿಸಿಕೊಂಡ ಕೆಲವೇ ತಿಂಗಳಲ್ಲಿ, 2004ರ ಏಪ್ರಿಲಿನಲ್ಲಿ, ಐಸಾಕ್ ಎಸ್ಪಿನೋಸಾ ಎಂಬ 29 ವರ್ಷದ ಪೊಲೀಸ್ ಅಧಿಕಾರಿಯನ್ನು ಒಬ್ಬನು ಗುಂಡಿಟ್ಟು ಕೊಂದನು. ಕೊಲೆಯಾದ ಮೂರೇ ದಿನಗಳಲ್ಲಿ ಹ್ಯಾರಿಸ್‌ರವರು ತಾವು ಮರಣದಂಡನೆ ಕೇಳುವುದಿಲ್ಲವೆಂದು ಪ್ರಕಟಿಸಿದರು. ಶವಸಂಸ್ಕಾರದ ಸಭೆಯಲ್ಲಿ ಅವರದೇ ಪಕ್ಷದ ಸೆನೆಟರ್ ಡಯಾನ್ ಫೈನ್‌ಸ್ಟೈನ್‌ರವರು ಎದ್ದುನಿಂತು, ಮರಣದಂಡನೆಗೆ ಯೋಗ್ಯವಾದ ಪ್ರಕರಣವೆಂದರೆ ಇದೇ ಎಂಬರ್ಥದ ಮಾತನ್ನಾಡಲು, ನೆರೆದಿದ್ದ ಪೊಲೀಸರು ಎದ್ದು ಕರತಾಡನ ಮಾಡಿದರು. ಹ್ಯಾರಿಸ್‌ರವರು ಆ ಸಭೆಯಲ್ಲಿಯೇ ಕುಳಿತಿದ್ದರು. ಕೊಂದವನಿಗೆ 2007ರಲ್ಲಿ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆಯಾಯಿತು. ಆ ನಿರ್ಣಯ ಸರಿಯೋ ತಪ್ಪೋ ಎಂಬ ವಿಷಯದಲ್ಲಿ ಮತಭೇದಕ್ಕೆ ಎಡೆಯುಂಟು. ಓಟು ಕೇಳುವ ವಕೀಲನು ಜನರ ಕೋಪಕ್ಕೆ ಎದುರಾಗಿ ನಿಲ್ಲಲಾರನೆಂಬ ನನ್ನ ಊಹೆಗೆ ಮಾತ್ರ ಅದು ಹೊಂದಿಕೊಳ್ಳಲಿಲ್ಲ.

ಅಕ್ಟೋಬರ್ 5ನೆಯ ತಾರೀಖು ಡೇವಿಸ್ ನಗರದ ನ್ಯಾಯಶಾಸ್ತ್ರ ವಿದ್ಯಾಲಯದಲ್ಲಿ ಇಬ್ಬರಿಗೂ ಚರ್ಚೆ ಏರ್ಪಟ್ಟಿದ್ದಿತು. ಗೆದ್ದರೆ ಹಳೆಯ ಹುದ್ದೆಯ ಪಿಂಚಣಿಯನ್ನೂ ಹೊಸ ಹುದ್ದೆಯ ಸಂಬಳವನ್ನೂ ಎರಡನ್ನೂ ತೆಗೆದುಕೊಳ್ಳುವಿರಾ ಎಂದು ಕೂಲಿಯವರನ್ನು ಕೇಳಿದರು. ಪಿಂಚಣಿಯು ತಾನು ದುಡಿದು ಗಳಿಸಿದುದೆಂದೂ, ಅಟಾರ್ನಿ ಜನರಲನ ಸಂಬಳ ತೀರ ಕಡಮೆಯಾದುದರಿಂದ ಅದಕ್ಕೆ ಪೂರಕವಾಗಿ ಇದನ್ನು ತೆಗೆದುಕೊಳ್ಳುವೆನೆಂದೂ ಅವರು ಯಾವ ಸಂಕೋಚವೂ ಇಲ್ಲದೆ ಉತ್ತರವಿತ್ತರು. ಆ ಸಂಬಳ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಡಾಲರು. ಆ ಕಾಲದಲ್ಲಿ ಆ ಸಂಸ್ಥಾನದಲ್ಲಿ ದುಡಿಯುವ ನೂರು ಮಂದಿಗೆ ಹನ್ನೆರಡಕ್ಕೂ ಹೆಚ್ಚು ಮಂದಿ ನಿರುದ್ಯೋಗಿಗಳಾಗಿದ್ದರು. ಹ್ಯಾರಿಸ್‌ರವರು ವಾದಿಸಲು ಹೋಗದೆ, ತೆಗೆದುಕೊಳ್ಳಿ, ನೀವು ಗಳಿಸಿದ್ದೀರಿ ಎಂದು ನಗುತ್ತ ಸುಮ್ಮನಾದರು. ಮುಂದೆ ಆ ಉತ್ತರವೇ ದೂರದರ್ಶನದ ಜಾಹೀರಾತಾಯಿತು. ಸಂಬಳ ಸಾಲದೆಂದವರ ಹೆಸರೇ ಕೂಲಿಯಾದುದು ನಮ್ಮ ಮನೆಯ ಕನ್ನಡ ಕಿವಿಗಳಿಗೆ ಮಾತ್ರ ದಕ್ಕಿದ ವಿನೋದ.

ಆದರೆ ಸಂಬಳದ ಮಾತಿಗಿಂತ ಭಾರವಾದುದು ಇನ್ನೊಂದಿದ್ದಿತು. ಮದುವೆಯೆಂದರೆ ಒಬ್ಬ ಗಂಡಸು ಒಬ್ಬ ಹೆಂಗಸರ ನಡುವಣ ಸಂಬಂಧ ಮಾತ್ರವೆಂಬ ಎಂಟನೆಯ ಪ್ರಸ್ತಾಪವನ್ನು 2008ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಶೇಕಡ 52ರ ಬಹುಮತದಿಂದ ತಮ್ಮ ಸಂವಿಧಾನದೊಳಕ್ಕೆ ಸೇರಿಸಿದ್ದರು. 2010ರ ಆಗಸ್ಟಿನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು, ಅದು ದೇಶದ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತರು. ಅಪೀಲು ಮಾಡುವುದಿಲ್ಲವೆಂದು ಬ್ರೌನ್‌ರವರು ಹೇಳಿದರು. ತಾನು ಬಂದರೆ ಜನರು ಮಾಡಿದ ಕಾನೂನನ್ನು ಸಮರ್ಥಿಸುವೆನೆಂದು ಕೂಲಿಯವರೂ, ತಾನು ಸಮರ್ಥಿಸುವುದಿಲ್ಲವೆಂದು ಹ್ಯಾರಿಸ್‌ರವರೂ ಸಾರಿದರು. ಜನರು ಓಟಿನಿಂದ ಮಾಡಿದ ಕಾನೂನನ್ನು, ಅದೇ ಜನರ ಓಟಿನಿಂದ ಬರುವ ವಕೀಲನು ಸಮರ್ಥಿಸಲಾರೆನೆನ್ನಬಹುದೆ? ಕಕ್ಷಿಗಾರನ ಅಪ್ಪಣೆ ಯಾವುದು: 2008ರ ಮತವೋ, ದೇಶದ ಸಂವಿಧಾನವೋ, ಈಗ ಬೀಳಲಿರುವ ಮತವೋ? ಪೆಟ್ಟಿಗೆಗೆ ಬಿದ್ದ ಪ್ರತಿಯೊಂದು ಚೀಟಿಯ ಹಿಂದೆಯೂ ಈ ಪ್ರಶ್ನೆಯಿದ್ದಿತು.

ಎಣಿಕೆಯ ಕಥೆಯೂ ಸಾಮಾನ್ಯವಾದುದಲ್ಲ. ಚುನಾವಣೆಯ ರಾತ್ರಿ ಕೂಲಿಯವರು ಮುಂದಿದ್ದರು. ತಾವು ಗೆದ್ದೆವೆಂದು ಸಾರಿಯೂ ಬಿಟ್ಟರು. ಬೆಳಗಾಗುವಷ್ಟರಲ್ಲಿ ಮುನ್ನಡೆ ಕರಗಿದ್ದಿತು. ಅಂಚೆಯಲ್ಲಿ ಬಂದ ಮತಗಳೂ, ತಾತ್ಕಾಲಿಕವೆಂದು ಬೇರೆಯಾಗಿಟ್ಟ ಮತಗಳೂ ಇಪ್ಪತ್ತು ಲಕ್ಷಕ್ಕೆ ಮಿಕ್ಕಿ ಎಣಿಕೆಯಾಗದೆ ಉಳಿದಿದ್ದುವು. 58 ಕೌಂಟಿಗಳಲ್ಲಿ ಗುಮಾಸ್ತರು ಒಂದೊಂದು ಲಕೋಟೆಯ ಮೇಲಿನ ರುಜುವನ್ನೂ ದಾಖಲೆಯ ರುಜುವಿನೊಡನೆ ತಾಳೆ ನೋಡಿ ಎಣಿಸುತ್ತ ಹೋದರು. ಒಂದು ದಿನ ಇವರು ಮುಂದೆ, ಇನ್ನೊಂದು ದಿನ ಅವರು ಮುಂದೆ. ಮೂರು ವಾರ ಹೀಗೆ ಕಳೆದು, ನವೆಂಬರ್ 24ರಂದು ಕೂಲಿಯವರು ಸೋಲನ್ನೊಪ್ಪಿಕೊಂಡರು. ಹ್ಯಾರಿಸ್‌ರವರಿಗೆ ಶೇಕಡ 46.1, ಕೂಲಿಯವರಿಗೆ ಶೇಕಡ 45.3. ತೊಂಬತ್ತಾರು ಲಕ್ಷ ಮತಗಳಲ್ಲಿ ಅಂತರ 74,157. ತಾವು ಹತ್ತು ವರ್ಷ ಪ್ರಾಸಿಕ್ಯೂಟರಾಗಿದ್ದ ಲಾಸ್ ಏಂಜಲೀಸ್ ಕೌಂಟಿಯಲ್ಲಿಯೇ ಕೂಲಿಯವರು ಹಿಂದೆ ಬಿದ್ದಿದ್ದರು. ಅಷ್ಟು ದಿನಗಳ ಎಣಿಕೆಯಲ್ಲಿ ಬೀದಿಯಲ್ಲಿ ಒಂದು ಕಲ್ಲೂ ಹಾರಲಿಲ್ಲವೆಂಬುದನ್ನು ನಾನು ಮೆಚ್ಚಿಕೆಯಿಂದ ಕಂಡೆನು.

ಮುಂದೆ ನಡೆದುದನ್ನು ಊರಿಗೆ ಹಿಂದಿರುಗಿದ ಮೇಲೆ ಪತ್ರಿಕೆಗಳಲ್ಲಿ ಓದಿದೆನು. ಹ್ಯಾರಿಸ್‌ರವರು 2011ರ ಜನವರಿ 3ರಂದು ಅಧಿಕಾರ ವಹಿಸಿಕೊಂಡರು. ಆ ಪದವಿಗೇರಿದ ಮೊದಲ ಮಹಿಳೆ ಅವರೇ. ಎಂಟನೆಯ ಪ್ರಸ್ತಾಪವನ್ನು ಮಾತುಕೊಟ್ಟಂತೆ ಸಮರ್ಥಿಸಲಿಲ್ಲ. ಅದರ ಪರವಾಗಿ ಖಾಸಗಿಯವರು ಅಪೀಲು ಹೋದರು. ಸಂಸ್ಥಾನವೇ ಅಪೀಲು ಮಾಡದಿರುವಾಗ ಇವರಿಗೆ ಆ ಹಕ್ಕಿಲ್ಲವೆಂದು 2013ರ ಜೂನ್ 26ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯಲ್ಲಿ ಐವರು ತೀರ್ಮಾನಿಸಿದರು. ಕೆಳಗಿನ ತೀರ್ಪು ಉಳಿಯಿತು. ವಕೀಲನೊಬ್ಬನು ಏಳದೆ ಕುಳಿತುಕೊಂಡುದರ ಫಲ ಎಷ್ಟು ದೂರ ಮುಟ್ಟಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ನನಗೆ ತಿಳಿಯದು.

ಇದೇ ಹ್ಯಾರಿಸ್‌ರವರ ಎದುರಿಗೆ 2014ರಲ್ಲಿ ಇನ್ನೊಂದು ತೀರ್ಪು ಬಂದಿತು. ಕ್ಯಾಲಿಫೋರ್ನಿಯಾದ ಮರಣದಂಡನೆಯ ಪದ್ಧತಿಯು ಸಂವಿಧಾನಕ್ಕೆ ವಿರುದ್ಧವೆಂದು ಕಾರ್ಮಕ್ ಕಾರ್ನಿ ಎಂಬ ನ್ಯಾಯಾಧೀಶರು ಹೇಳಿದರು. ಮರಣದಂಡನೆಯನ್ನು ಮನಸಾರೆ ವಿರೋಧಿಸುವ ವಕೀಲರಿಗೆ ಇದಕ್ಕಿಂತ ಹಿತವಾದ ತೀರ್ಪುಂಟೆ? ಸುಮ್ಮನಿದ್ದಿದ್ದರೆ ಸಾಕಾಗಿದ್ದಿತು. ಆದರೆ ಅವರು ಅಪೀಲು ಮಾಡಿದರು; 2015ರಲ್ಲಿ ಮೇಲಿನ ನ್ಯಾಯಾಲಯವು ಕಾರ್ನಿಯವರ ತೀರ್ಪನ್ನು ತಳ್ಳಿಹಾಕಿತು. ಕಾನೂನನ್ನು ನಡಸಿಕೊಡುವೆನೆಂದು ಚುನಾವಣೆಯಲ್ಲಿ ಆಡಿದ ಮಾತನ್ನು ಹೀಗೆ ನಡಸಿದರು. ಒಂದೆಡೆ ಜನರು ಮಾಡಿದ ಕಾನೂನನ್ನು ಕೈಬಿಟ್ಟು, ಇನ್ನೊಂದೆಡೆ ತಮಗೆ ಬೇಡವಾದ ಕಾನೂನನ್ನು ಎತ್ತಿಹಿಡಿದವರನ್ನು ಅಸಂಗತರೆನ್ನೋಣವೆ, ಚತುರರೆನ್ನೋಣವೆ? ಎರಡು ಮಾತನ್ನೂ ಅಲ್ಲಿಯ ಜನರು ಆಡಿದ್ದಾರೆ. ನನಗೆ ತೋರುವುದಿಷ್ಟು: ಎರಡು ಸಂದರ್ಭಗಳಲ್ಲಿಯೂ ಅವರು ಏನು ಮಾಡುವರೆಂಬುದು ಓಟು ಹಾಕಿದವರಿಗೆ ಮೊದಲೇ ತಿಳಿದಿದ್ದಿತು.

ಈ ಕಡೆಯ ಮಾತು ನನ್ನನ್ನು ನನ್ನ ಸರ್ಕಾರಿ ವಕೀಲಿಯ ದಿನಗಳತ್ತ ಎಳೆದೊಯ್ಯುತ್ತದೆ. ಕಾಲುವೆಗಾಗಿ ಜಮೀನು ಕಳೆದುಕೊಂಡ ರೈತನೊಬ್ಬನಿಗೆ ನ್ಯಾಯಾಲಯವು ಪರಿಹಾರವನ್ನು ಹೆಚ್ಚಿಸಿ ತೀರ್ಪಿತ್ತಿತು. ತೀರ್ಪು ನ್ಯಾಯವಾಗಿದೆ, ಅಪೀಲಿಗೆ ಯೋಗ್ಯವಲ್ಲವೆಂದು ನಾನು ಅಭಿಪ್ರಾಯ ಬರೆದು ಕಳುಹಿಸಿದೆನು. ಕೆಲವು ವಾರಗಳ ಮೇಲೆ ಕಡತವು ಹಿಂದಿರುಗಿತು. ಅಪೀಲು ಸಲ್ಲಿಸತಕ್ಕದ್ದೆಂದು ಒಂದೇ ಸಾಲಿನ ಆಜ್ಞೆ. ಕಾರಣವಿರಲಿಲ್ಲ. ಸುದ್ದಿ ತಿಳಿದ ಆ ವೃದ್ಧನು ನ್ಯಾಯಾಲಯದ ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದನು: “ಸ್ವಾಮಿ, ತಮ್ಮನ್ನು ಸರ್ಕಾರದ ವಕೀಲರು ಅಂತಾರೆ. ಸರ್ಕಾರ ಅಂದರೆ ನೀವೇ ಕಣ್ರಪ್ಪಾ ಅಂತ ಓಟಿಗೆ ಬಂದವರು ನಮಗೆ ಹೇಳ್ತಾರೆ. ಹಂಗಾದರೆ ತಾವು ನನ್ನ ವಕೀಲರೂ ಹೌದಲ್ಲವ್ರಾ?” ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದೆಯೇ ಎಂದು ಮತ್ತೊಮ್ಮೆ ಕೂಡಿ ನೋಡುವವನ ಧ್ವನಿ ಅದು. ಕ್ಯಾಲಿಫೋರ್ನಿಯಾದಲ್ಲಿ ಕ್ರಿಮಿನಲ್ ಮೊಕದ್ದಮೆಯ ಶಿರೋನಾಮೆಯಲ್ಲಿ ಸರ್ಕಾರವೆಂದು ಬರೆಯುವುದಿಲ್ಲ, ‘ಕ್ಯಾಲಿಫೋರ್ನಿಯಾ ಸಂಸ್ಥಾನದ ಜನತೆ’ ಎಂದು ಬರೆಯುತ್ತಾರೆ. ನಮ್ಮಲ್ಲಿ ಶಿರೋನಾಮೆ ಬೇರೆಯಾದರೂ ಆ ವೃದ್ಧನು ಅದನ್ನು ಅವರಂತೆಯೇ ಓದಿಕೊಂಡಿದ್ದನು.

ಹಾಗಾದರೆ ನಾವೂ ನಮ್ಮ ಅಡ್ವೊಕೇಟ್ ಜನರಲರನ್ನು ಓಟಿಗೆ ನಿಲ್ಲಿಸೋಣವೆ? ನನ್ನ ಮನಸ್ಸು ಅದಕ್ಕೆ ಒಪ್ಪುವುದಿಲ್ಲ. ಓಟಿಗೆ ನಿಲ್ಲುವವನು ಹಣ ಕೂಡಿಸಬೇಕು. ಹಣ ಕೊಟ್ಟವರ ಮೇಲೆಯೇ ನಾಳೆ ಮೊಕದ್ದಮೆ ಹೂಡಬೇಕಾಗಿ ಬಂದೀತು. ಅಲ್ಲದೆ ಆ ಹುದ್ದೆಯು ಮೇಲಿನ ಮಹಡಿಗೆ ಮೆಟ್ಟಿಲಾಗಿಬಿಡುತ್ತದೆ. ಎ. ಜಿ. ಎಂಬ ಎರಡಕ್ಷರಕ್ಕೆ ‘ಆಸ್ಪೈರಿಂಗ್ ಗವರ್ನರ್’, ಎಂದರೆ ಗವರ್ನರ್ ಪದವಿಯ ಆಕಾಂಕ್ಷಿ, ಎಂದೇ ಅರ್ಥವೆಂಬುದು ಅಮೆರಿಕಾದಲ್ಲಿ ಹಳೆಯ ವಿನೋದ. ಕ್ಯಾಲಿಫೋರ್ನಿಯಾದಲ್ಲಿಯೇ ಅರ್ಲ್ ವಾರನ್, ಪ್ಯಾಟ್ ಬ್ರೌನ್, ಅವರ ಮಗ ಜೆರಿ ಬ್ರೌನ್ ಈ ಮೂವರೂ ಆ ಹುದ್ದೆಯಿಂದ ಗವರ್ನರ್ ಪದವಿಗೆ ಏರಿದರು. ಹ್ಯಾರಿಸ್‌ರವರು 2016ರಲ್ಲಿ ಸೆನೆಟಿಗೆ ಆಯ್ಕೆಯಾಗಿ, 2021ರಿಂದ ನಾಲ್ಕು ವರ್ಷ ದೇಶದ ಉಪಾಧ್ಯಕ್ಷರಾಗಿದ್ದು, 2024ರಲ್ಲಿ ಅಧ್ಯಕ್ಷಪದವಿಗೆ ನಿಂತು ಸೋತರು. ಮೇಲಕ್ಕೆ ಕಣ್ಣಿಟ್ಟವನ ಕಾಲು ಕೆಳಗಿನ ಮೆಟ್ಟಿಲ ಮೇಲೆ ಭದ್ರವಾಗಿರುವುದು ಕಷ್ಟ.

ನೇಮಕವಾದವನು ನೇಮಿಸಿದವರ ಮುಖ ನೋಡುತ್ತಾನೆ. ಆಯ್ಕೆಯಾದವನು ಆರಿಸಿದವರ ಮುಖ ನೋಡುತ್ತಾನೆ. ಎರಡರಲ್ಲಿಯೂ ಅಪಾಯವುಂಟು. ಆದರೆ ಅಮೆರಿಕಾದವರ ಪದ್ಧತಿಯಲ್ಲಿರುವ ಒಂದು ಲಾಭವು ನಮ್ಮಲ್ಲಿ ಇಲ್ಲ. ಅಲ್ಲಿ ವಕೀಲನು ಅಧಿಕಾರಕ್ಕೆ ಬರುವ ಮುಂಚೆ ನಾಲ್ಕು ಜನರೆದುರಿಗೆ ನಿಂತು, ಯಾವ ಕಾನೂನನ್ನು ಸಮರ್ಥಿಸುವೆನು, ಯಾವುದನ್ನು ಸಮರ್ಥಿಸಲಾರೆನು, ಯಾವ ಶಿಕ್ಷೆಯನ್ನು ಕೇಳಲಾರೆನು ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ನಮ್ಮಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಂದು ಬೆಳಗ್ಗೆ ಪತ್ರಿಕೆಯಲ್ಲಿ ಹೆಸರೂ ಭಾವಚಿತ್ರವೂ ಬರುತ್ತವೆ. ಇನ್ನೊಂದು ಬೆಳಗ್ಗೆ ಬೇರೊಂದು ಹೆಸರು ಬರುತ್ತದೆ. ನಡುವೆ ಅವರು ಸರ್ಕಾರಕ್ಕೆ ಎಂದಾದರೂ ‘ಇದು ಸಲ್ಲದು’ ಎಂದು ಬರೆದುಕೊಟ್ಟರೋ ಇಲ್ಲವೋ ಎಂಬುದು ಕಡತದೊಳಗೇ ಉಳಿಯುತ್ತದೆ.

ನೇಮಕದ ಪದ್ಧತಿಯನ್ನು ಉಳಿಸಿಕೊಂಡೇ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಹುದು. ನೇಮಕಕ್ಕೆ ಮುಂಚೆ ಶಾಸನಸಭೆಯ ಒಂದು ಸಮಿತಿಯೆದುರಿಗೆ, ಬಾಗಿಲು ತೆರೆದಿಟ್ಟು, ಆ ವಕೀಲರನ್ನು ಒಂದು ದಿನ ಪ್ರಶ್ನಿಸುವಂತಾಗಲಿ. ನೀವು ಸರ್ಕಾರಕ್ಕಾಗಿ ಏನೇನು ಮಾಡುವಿರಿ ಎಂದು ಅವರನ್ನು ಕೇಳಬೇಕಾದುದಿಲ್ಲ. ಅದಕ್ಕೆ ಸಿದ್ಧವಾದ ಉತ್ತರ ಎಲ್ಲರಲ್ಲಿಯೂ ಇರುತ್ತದೆ. ಸರ್ಕಾರವು ಹೇಳಿದರೂ, ಜನರೆಲ್ಲ ಸೇರಿ ಕೂಗಿದರೂ, ನಿಮ್ಮ ಕೈಯಿಂದ ಆಗದೆ ಇರುವ ಕೆಲಸ ಯಾವುದು ಎಂದು ಕೇಳಬೇಕು. ಉತ್ತರ ಕೊಟ್ಟವರಿಗೆ ವಕಾಲತ್ತನ್ನು ಒಪ್ಪಿಸಬಹುದು. ತಡವರಿಸಿದವರಿಗೆ, ಅವರು ಎಷ್ಟೇ ದೊಡ್ಡ ಪಂಡಿತರಾಗಿರಲಿ, ಖಾಸಗಿ ವಕೀಲಿಯೇ ಮೇಲು.